ಚಕಮಕಿ ಬಂದೂಕಿಗೆ ಬೀಗ ಕೂರಿಸುವ ಅರದಕ್ಕ

ಬೆಳಕಿನ್ನೂ ಕಿಟಕಿ ದಾಟಿಲ್ಲ. ಅರದಕ್ಕ ಆಗಲೇ ಚಿಮಣಿ ದೀಪದ ಹೊಗೆಗೆ ಅಂಗೈಯುದ್ದದ ಕಬ್ಬಿಣದ ಬಿಲ್ಲೆಯೊಂದನ್ನು ಹಿಡಿದು ಮಸಿ ಕಟ್ಟಿಸುತ್ತಿದ್ದಾರೆ. ಅದು ಚಕಮಕಿ ಬಂದೂಕಿನ ಬೀಗ. ಕುದುರೆ, ಅಂದರೆ ಕಲ್ಲು ಕಚ್ಚಿದ ಪುಟ್ಟ ಸುತ್ತಿಗೆ, ಬಡಿದಾಗ ಕಿಡಿ ಹಾರಿಸಿ, ಪಕ್ಕದ ಬಟ್ಟಲಿನ ಮದ್ದು ಹೊತ್ತಿಸುವ ಯಂತ್ರ. ಮಸಿಯಾದ ಬೀಗವನ್ನು ಬಂದೂಕಿನ ಮರದಲ್ಲಿ ಕೊರೆದ ಗುಳಿಯೊಳಗೆ ಒತ್ತಿ ತೆಗೆಯುತ್ತಾರೆ. ಕಪ್ಪು ಅಂಟಿದ ಕಡೆ ಮಾತ್ರ ಉಳಿಯಿಂದ ಕೂದಲೆಳೆಯಷ್ಟು ಕೆರೆಯುತ್ತಾರೆ. ಮತ್ತೆ ಮಸಿ, ಮತ್ತೆ ಕೆರೆತ.

“ಬೀಗ ಅಂತ ಸುಮ್ನೆ ಹೆಸರಿಟ್ಟಿಲ್ಲ,” ಎನ್ನುತ್ತಾರೆ ತಲೆಯೆತ್ತದೆ. “ಬೀಗರ ಥರಾನೇ ಇದು. ಮರದ ಕಡೆಯೋರು, ಕಬ್ಬಿಣದ ಕಡೆಯೋರು ಇಬ್ರೂ ಒಪ್ಪಬೇಕು. ಒಬ್ರು ಮುನಿಸ್ಕೊಂಡ್ರೂ ಸಂಬಂಧ ಕೆಟ್ಟ ಹಾಗೇ.”

ಈ ಬಂದೂಕು ಬಸ್ ಡ್ರೈವರ್ ಒಬ್ಬರದು. ರಜೆಯ ದಿನ ಗುರಿ ಹೊಡೆಯುವ ಹವ್ಯಾಸ ಅವರಿಗೆ. ಬಿಡಿಭಾಗ ತಂದು ತಾವೇ ಜೋಡಿಸಿದ್ದರು. ಮರವನ್ನು ಒಂದೆಡೆ ಅತಿಯಾಗಿ ಕೊರೆದು, ಇನ್ನೊಂದೆಡೆ ಹಾಗೇ ಬಿಟ್ಟು, ಬೀಗ ಅಲ್ಲಾಡದಂತೆ ತಿರುಪನ್ನು ಜೀವ ಹೋಗುವಷ್ಟು ಬಿಗಿದಿದ್ದರು. ಹದಿನೈದು ದಿನದ ಹಿಂದೆ ಹೆಂಡತಿಯ ಜೊತೆ ಬಂದಾಗ, ಮದ್ದಿನ ಕಿಡಿಗೆ ಸುಟ್ಟು ಅವರ ಒಂದು ಹುಬ್ಬೇ ಇರಲಿಲ್ಲ.

ಅರದಕ್ಕ ಬೀಗ ಬಿಚ್ಚಿ ಮೂಸಿದರು. “ಇದೇನು?”

“ಮೇಣ,” ಎಂದರು ಡ್ರೈವರ್.

“ಅದು ಗೊತ್ತು. ಇಲ್ಲಿ ಅದಕ್ಕೇನು ಕೆಲಸ?”

“ಸಂದು ಮುಚ್ಚೋಕೆ...”

ಹೆಂಡತಿಗೆ ತಡೆಯಲಾಗಲಿಲ್ಲ. “ನಮ್ಮನೆ ನಲ್ಲಿನೂ ಹಿಂಗೇ ರಿಪೇರಿ ಮಾಡಿದ್ರು, ಅಕ್ಕ. ಈಗ ಅಡುಗೆಮನೇಲಿ ಕೆರೆ!”

ಎಲ್ಲರೂ ನಕ್ಕರು. ಆದರೆ ಅರದಕ್ಕ ಕುದುರೆಯನ್ನು ಅರ್ಧಕ್ಕೆ ಏರಿಸಿ ಟ್ರಿಗರ್ ಎಳೆದಾಗ ನಗು ನಿಂತುಹೋಯಿತು. ಹಾಗೆ ಅರ್ಧಕ್ಕೆ ನಿಂತ ಕುದುರೆ ಏನೇ ಆದರೂ ಬೀಳಬಾರದು. ಇದು ಟಪ್ಪನೆ ಬಿತ್ತು. ಕುದುರೆಯನ್ನು ತಡೆದು ಹಿಡಿಯುವ ಒಳಗಿನ ಕೊಂಡಿ ಮರಕ್ಕೆ ತಗುಲಿ ಹಲ್ಲಿಗೆ ಸರಿಯಾಗಿ ಕೂರುತ್ತಿರಲಿಲ್ಲ.

ಮರುದಿನವೇ ಗುರಿ ಹೊಡೆಯುವ ಪಂದ್ಯ. ಡ್ರೈವರ್ ವರ್ಷವಿಡೀ ಅಭ್ಯಾಸ ಮಾಡಿದ್ದರು. “ಸಂಜೆಯೊಳಗೆ ಏನಾದ್ರೂ ಮಾಡಿ ಕೊಡಿ” ಎಂದು ಅಂಗಲಾಚಿದರು, ಆಮೇಲೆ ರೇಗಿದರು. “ನಿಮ್ಮಿಂದಾಗದಿದ್ರೆ ಬೇರೆಯೋರು ಮಾಡ್ತಾರೆ.”

ಅರದಕ್ಕ ಒಳಬಾಗಿಲಿನತ್ತ ತಿರುಗಿ “ಅಪ್ಪಾ” ಎಂದು ಕೂಗಿದರು. ಗೋಡೆ ಹಿಡಿದುಕೊಂಡು ಬಂದ ಮುದುಕರ ಬಲಗಣ್ಣಿನ ಜಾಗದಲ್ಲಿ ಬರೀ ಗುಳಿ. ಇಂಥದೇ ಬಂದೂಕು, ಅರ್ಧಕ್ಕೆ ನಿಲ್ಲದೆ ಬಿದ್ದ ಇಂಥದೇ ಕುದುರೆ ಆ ಕಣ್ಣು ತೆಗೆದಿತ್ತು. ಅದನ್ನು ತಂದ ಗಿರಾಕಿಗೂ ಅವಸರವಿತ್ತು. ಎಡಗಣ್ಣೂ ಮಂಜಾದ ಮೇಲೆ ಕಸಬು ಕಲಿಸಲು ಅವರು ಮಗನನ್ನು ಕರೆದರು. ಅವನು ಕಬ್ಬಿಣಕ್ಕಿಂತ ಬಟ್ಟೆ ಮೆತ್ತಗೆಂದು ದರ್ಜಿಯಾದ. ಕಬ್ಬಿಣ ಉಜ್ಜುವ ಅರ ಹಿಡಿದವಳು ಮಗಳು. ಹೆಸರೂ ಅದೇ ಆಯಿತು.

ಮುದುಕರು ಡ್ರೈವರ್ ಕಡೆ ಮುಖ ಮಾಡಿ, “ಪಂದ್ಯ ಮುಂದಿನ ವರ್ಷಾನೂ ಬರುತ್ತಪ್ಪ,” ಎಂದರಷ್ಟೇ. ಡ್ರೈವರ್ ಬಂದೂಕನ್ನು ಮೇಜಿನ ಮೇಲೇ ಬಿಟ್ಟು ಹೊರಟರು. ಮರುದಿನ ಬರಿಗೈಯಲ್ಲಿ ಹೋಗಿ ಪಂದ್ಯ ನೋಡಿಬಂದರಂತೆ.

ಅಂದಿನಿಂದ ಅರದಕ್ಕ ಮೇಣ ಕೆತ್ತಿ ತೆಗೆದಿದ್ದಾರೆ, ಹೆಚ್ಚು ಕೊರೆದಲ್ಲಿ ಅದೇ ಜಾತಿಯ ಮರದ ಚೂರು ಅಂಟಿಸಿದ್ದಾರೆ. ಇವತ್ತು ಬಟ್ಟಲು ಬಂದೂಕಿನ ನಳಿಕೆಗೆ ಕೂಡಿಕೊಂಡಿದೆ. ನಡುವೆ ಕಾಗದವೂ ತೂರುವುದಿಲ್ಲ.

ಬಿಸಿಲೇರುವ ಹೊತ್ತಿಗೆ ಗಂಡ ಹೆಂಡತಿ ಬರುತ್ತಾರೆ. ಹಿತ್ತಲಲ್ಲಿ ಹಳೆಯ ಲಾರಿ ಟೈರಿಗೆ ಖಾಲಿ ಬಂದೂಕನ್ನು ಕಟ್ಟಿ, ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ, ಟ್ರಿಗರ್‌ಗೆ ದಾರ ಬಿಗಿದು, ಅರದಕ್ಕ ಅದರ ತುದಿಯನ್ನು ಹೆಂಡತಿಯ ಕೈಗೆ ಕೊಡುತ್ತಾರೆ. “ಎಳೀರಿ. ಸಿಟ್ಟಿದ್ದಷ್ಟೂ ಎಳೀರಿ.”

ಆಕೆ ಕಾಲೂರಿ ಜಗ್ಗುತ್ತಾರೆ. ಕುದುರೆ ಅಲುಗುವುದಿಲ್ಲ. ಇನ್ನೊಮ್ಮೆ ಜಗ್ಗುತ್ತಾರೆ. ದಾರವೇ ತುಂಡಾಗುತ್ತದೆ.

“ಸರಿ, ಮನೆಗೆ ತಗೊಂಡು ಬನ್ನಿ,” ಎಂದು ಆಕೆ ಗಂಡನಿಗೆ ಹೇಳುತ್ತಾರೆ. ಡ್ರೈವರ್ ಮುಖದಲ್ಲಿ ಪಂದ್ಯ ಗೆದ್ದ ಕಳೆ.

ಅವರು ಹೋದ ಮೇಲೆ ಅರದಕ್ಕ ಕೈ ಒರೆಸಿಕೊಳ್ಳುತ್ತಾ ತಮ್ಮ ಆಸೆಯೊಂದನ್ನು ಹೇಳುತ್ತಾರೆ. ಇಷ್ಟು ವರ್ಷ ಬಂದೂಕು ರಿಪೇರಿ ಮಾಡಿದರೂ ಒಂದು ಪಂದ್ಯವನ್ನೂ ನೋಡಿಲ್ಲ.

“ಒಂದಿನ ಹೋಗಿ ಕೂತ್ಕೋಬೇಕು. ಗುರಿ ಗಿರಿ ನಂಗೆ ಬೇಡ, ಕಣ್ಣು ಮುಚ್ಕೊಂಡೇ ಇರ್ತೀನಿ. ಬೀಗ ಸರಿಯಾಗಿ ಕೂರದಿದ್ರೆ ಮೊದ್ಲು ಚುಸ್ ಅನ್ನುತ್ತೆ, ಆಮೇಲೆ ಢಂ. ಸರಿಯಾಗಿ ಕೂತಿದ್ರೆ ಎರಡೂ ಒಂದೇ ಸದ್ದು. ಅಲ್ಲಿ ಒಂದೇ ಸದ್ದು ಕೇಳಿದಾಗೆಲ್ಲಾ, ಇದು ನಂದು ಅಂದ್ಕೋತೀನಿ.”