ಎರಡು ಪುಟಕ್ಕೊಂದು ಕಂಡಿಕೆ

ಚಿಕ್ಕಮ್ಮನಿಗೆ ಇ-ರೀಡರ್ ಆರಿಸಿಕೊಡುವ ಕೆಲಸ ನನ್ನ ತಲೆಗೆ ಬಿದ್ದದ್ದಕ್ಕೆ ಕಾರಣ, ನಾನು ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಎದುರು ಒಂದು ಮೊಬೈಲ್ ಅಂಗಡಿಯಲ್ಲಿ ನಿಂತಿರುತ್ತೇನೆ ಎನ್ನುವುದು. ನಿಂತಿರುತ್ತೇನೆ ಎಂದೆ, ಕೆಲಸ ಮಾಡುತ್ತೇನೆ ಎನ್ನಲಿಲ್ಲ. ಮಾಲೀಕರ ಅಭಿಪ್ರಾಯವೂ ಅದೇ. ಬಂದ ಗಿರಾಕಿ ಮೆಟ್ಟಿಲಿಳಿದ ಮೇಲೆ ಅವರ ಹಾಗೆಯೇ ಮಾತಾಡಿ ತೋರಿಸುವುದು ನನ್ನ ಮುಖ್ಯ ಉದ್ಯೋಗ, ಫೋನಿಗೆ ಗಾಜು ಅಂಟಿಸುವುದು ಉಪಕಸುಬು. ಮನೆಯವರಿಗೆ ಮಾತ್ರ, ಪರದೆ ಇರುವ ಯಾವ ವಸ್ತುವಿಗೂ ನಾನೇ ಡಾಕ್ಟರು.

ನಮ್ಮದೂ ಚಿಕ್ಕಪ್ಪನದೂ ಒಂದೇ ಮನೆ. ಮುಂದೆ ವಾಸ, ಹಿಂದಿನ ಶೆಡ್ಡಿನಲ್ಲಿ ಎರಡು ಪವರ್‌ಲೂಮ್: ಒಂದು ಚಿಕ್ಕಪ್ಪನದು, ಒಂದು ಚಿಕ್ಕಮ್ಮನದು. ಎರಡೂ ಓಡುವಾಗ ಕಿವಿಯ ಪಕ್ಕ ಕೂಗಿದರೂ ಕೇಳದು. ಹಾಗಾಗಿ ಅಲ್ಲಿ ಎಲ್ಲರೂ ಮುಖದಲ್ಲೇ ಮಾತಾಡುತ್ತಾರೆ. ಹುಬ್ಬು, ತುಟಿ, ಗದ್ದ, ಇಷ್ಟರಲ್ಲೇ ಅಡುಗೆಯಿಂದ ಹಿಡಿದು ಜಗಳದವರೆಗೆ ಎಲ್ಲ ಮುಗಿಯುತ್ತದೆ. ಪಕ್ಕದ ಮನೆಯವರ ದನಿ ಅಣಕಿಸುವುದಕ್ಕೆ ಮುಂಚೆ ನಾನು ಮುಖ ಅಣಕಿಸುವುದನ್ನು ಕಲಿತದ್ದು ಆ ಶೆಡ್ಡಿನಲ್ಲಿ.

ಚಿಕ್ಕಮ್ಮ ಇಲ್ಲೇ ಹತ್ತಿರದ ಮಧುರೆ ಕಡೆಯ ಬೇಸಾಯದ ಮನೆಯಿಂದ ಬಂದವರು. ಮದುವೆಗೆ ಮುಂಚೆ ಮಗ್ಗ ಕಂಡವರಲ್ಲ, ಆದರೆ ಕೊಲೆ ಕತೆಗಳನ್ನು ಕಂಡಿದ್ದರು. ಮಗ್ಗದ ಮುಂದೆ ನಿಂತು ಓದುವುದು ಅವರ ಪದ್ಧತಿ. ಬೇರೆ ಹೊತ್ತಿನಲ್ಲಿ ಅಡುಗೆ, ನೀರು, ನೂಲು ಸುತ್ತುವುದು, ಬಟ್ಟೆ ಒಗೆಯುವುದು. ಮಗ್ಗದ ಹತ್ತಿರ ಓದದಿದ್ದರೆ ಅವರ ಪಾಲಿಗೆ ಓದೇ ಇಲ್ಲ.

ಅದು ನಿಂತುಹೋದದ್ದು ಒಂದು ಗೀಟಿನಿಂದ. ಉದ್ದಕ್ಕೆ ಬಿಗಿದ ಸಾವಿರಾರು ಎಳೆಗಳಲ್ಲಿ ಒಂದು ತುಂಡಾದರೆ ನಮ್ಮ ಹಳೆಯ ಮಗ್ಗಗಳು ನಿಲ್ಲುವುದಿಲ್ಲ, ನೇಯುತ್ತಲೇ ಹೋಗುತ್ತವೆ. ನೇಯುವವರು ಕಂಡು ನಿಲ್ಲಿಸುವವರೆಗೂ ಸೀರೆಯ ಮೇಲೆ ಒಂದು ಸಣ್ಣ ಗೀಟು ಉದ್ದವಾಗುತ್ತಿರುತ್ತದೆ. ಆ ದಿನ ಚಿಕ್ಕಮ್ಮ ಕೊಲೆಗಾರ ಸಿಕ್ಕಿಬೀಳುವ ಪುಟದಲ್ಲಿದ್ದರು. ಗೀಟು ಎರಡು ಗೇಣು ಬಿತ್ತು. ನಮಗೆ ನೂಲು ಕೊಟ್ಟು ನೇಯಿಸುವ ಸಾವುಕಾರರು ಸೀರೆ ವಾಪಸ್ ಕಳಿಸಿದರು.

"ಇನ್ಮೇಲೆ ಮಗ್ಗದ ಹತ್ರ ಪುಸ್ತಕ ಕಂಡ್ರೆ ಸೀದಾ ಒಲೆಗೆ," ಎಂದರು ಚಿಕ್ಕಪ್ಪ.

ಚಿಕ್ಕಮ್ಮ ಎದುರಾಡಲಿಲ್ಲ. ಮೂರು ವಾರ ಶೆಡ್ಡಿನಲ್ಲಿ ಅವರ ಮುಖ ಒಂದು ಮಾತೂ ಆಡಲಿಲ್ಲ, ಅಷ್ಟೇ. ಚಿಕ್ಕಪ್ಪ ಹುಬ್ಬು ಎತ್ತಿ ಏನೋ ಕೇಳಿದರೆ ಈ ಕಡೆ ಗೋಡೆ. ನೂಲಿನ ಪೊಟ್ಟಣದ ಮೇಲಿನ ಚೀಟಿಯನ್ನು ಅವರು ಎರಡೆರಡು ಸಲ ಓದುವುದನ್ನು ನಾನೇ ನೋಡಿದೆ. ಆಮೇಲೆ ಒಂದು ಬೆಳಗ್ಗೆ ನನ್ನನ್ನು ಹಿಡಿದರು.

"ಲೇ, ಪುಸ್ತಕ ಓದೋಕೇ ಅಂತ ಒಂದು ಫೋನ್ ಬರುತ್ತಂತಲ್ಲ?"

"ಇ-ರೀಡರ್ ಅಂತಾರೆ. ತರಿಸ್ಬೋದು. ಬಜೆಟ್ ಎಷ್ಟು ಮೇಡಂ?"

"ಇನ್ನೊಂದ್ಸಲ ಮೇಡಂ ಅಂದ್ರೆ ಕಪಾಳಕ್ಕೆ."

ಚಿಕ್ಕಪ್ಪನಿಗೂ ಗೋಡೆಯ ಜೊತೆ ಸಂಸಾರ ಮಾಡಿ ಸಾಕಾಗಿತ್ತೇನೋ, ಒಪ್ಪಿದರು; ಷರತ್ತು ಹಾಕಿ. "ತರ್ಲಿ. ಒಂದು ಸೀರೆ ನೇಯ್ಲಿ, ನೋಡ್ತೀನಿ. ಗೀಟು ಬಿತ್ತೋ, ಆ ಸ್ಲೇಟೂ ಇಲ್ಲ, ಪುಸ್ತಕಾನೂ ಇಲ್ಲ. ಆಮೇಲೆ ಯಾರೂ ಕೇಳ್ಬಾರ್ದು."

ನಾನು ಮೊದಲು ತಂದದ್ದು ನನಗೆ ಇಷ್ಟವಾದದ್ದನ್ನು. ದೇವನಹಳ್ಳಿ ಕಡೆ ಕೆಲಸ ಮಾಡುವ ಗೆಳೆಯನಿಂದ ನೋಡಲು ಇಸ್ಕೊಂಡ ಯಂತ್ರ: ತೆಳ್ಳಗಿತ್ತು, ಮುಟ್ಟಿದರೆ ಪುಟ ಮಗುಚುತ್ತಿತ್ತು, ಬೆಳಕಿತ್ತು, ಜೇಬಿನಿಂದ ತೆಗೆದರೆ ನಾಲ್ಕು ಜನ ನೋಡುವ ಹಾಗಿತ್ತು. ಅಂಗಡಿಯ ದನಿಯಲ್ಲಿ ಅದರ ಗುಣಗಾನ ಮಾಡಿ, ಮಗ್ಗ ನಿಂತಿದ್ದಾಗ ಎಳೆಗಳ ಮೇಲ್ಗಡೆಯ ಅಡ್ಡಮರಕ್ಕೆ ಒರಗಿಸಿಟ್ಟು, ಓಡಿಸಿ ನೋಡಿ ಎಂದೆ. ಓಡಿಸಿದರು. ಮೇಲಿಂದ ಒಂದು ತುಂಡು ನೂಲು ಪರದೆಯ ಮೇಲೆ ಬಿತ್ತು. ಪುಟ ಮಗುಚಿಕೊಂಡಿತು. ನೂಲು ಅಲ್ಲಾಡಿತು. ಇನ್ನೊಂದು ಪುಟ. ಚಿಕ್ಕಮ್ಮ ಎಣ್ಣೆಗೈಯಲ್ಲಿ ಒರೆಸಹೋದರು, ಅಧ್ಯಾಯವೇ ಹೋಯಿತು.

ಮಗ್ಗ ನಿಲ್ಲಿಸಿ ಅಂದರು: "ಕೊಲೆ ಮಾಡ್ದೋನು ಡ್ರೈವರ್ರು ಅಂತ ನೂಲೇ ಹೇಳ್ಬಿಡ್ತು ಕಣೋ. ತಗೊಂಡ್ಹೋಗು ಇದನ್ನ."

ಅಂಗಡಿಯಲ್ಲಿ ನಾವು ಗಿರಾಕಿಯ ಜೇಬು ನೋಡಿ ಫೋನು ತೋರಿಸುತ್ತೇವೆ, ಬೆರಳು ನೋಡಿ ತೋರಿಸಿದ್ದಿಲ್ಲ. ಚಿಕ್ಕಮ್ಮನ ಬೆರಳು, ಕತ್ತು, ಕಣ್ಣು ಏನು ಮಾಡುತ್ತವೆ ಎಂದು ನಾನು ನೋಡಿರಲೇ ಇಲ್ಲ. ಚಿಕ್ಕಪ್ಪ ಸಾವುಕಾರರ ಮನೆಗೆ ಹೋಗಿದ್ದ ಒಂದು ಮಧ್ಯಾಹ್ನ, ಎಂದಿನ ಹಾಗೆ ಓದಿ ತೋರಿಸಿ ಎಂದೆ. ಅಕ್ಕಿ ಡಬ್ಬದ ಹಿಂದಿನಿಂದ ಒಂದು ಪುಸ್ತಕ ಬಂತು. ಒಲೆಗೆ ಹೋಗಿರಲಿಲ್ಲ ಎಂದಾಯಿತು.

ಲಾಳಿಯೊಳಗೆ ಕೂರುವ ನೂಲಿನ ಸುರುಳಿಗೆ ಕಂಡಿಕೆ ಎನ್ನುತ್ತಾರೆ. ಅದು ಖಾಲಿಯಾದಾಗ ಮಗ್ಗ ನಿಲ್ಲಿಸಿ ಬೇರೆ ಹಾಕಬೇಕು. ಒಂದು ಕಂಡಿಕೆ ಮುಗಿಯುವಷ್ಟರಲ್ಲಿ ಚಿಕ್ಕಮ್ಮ ಎದುರುಬದುರಿನ ಎರಡು ಪುಟ ಓದಿ ಮುಗಿಸುತ್ತಾರೆ. ಕಂಡಿಕೆ ಬದಲಾಯಿಸುವಾಗ ಹಾಳೆಯನ್ನೂ ಮಗುಚುತ್ತಾರೆ, ಬೆರಳಿನಿಂದಲ್ಲ, ಎಣ್ಣೆ ತಾಗದ ಮುಂಗೈಯ ಹಿಂಬದಿಯಿಂದ. ಪುಸ್ತಕ ಇರುತ್ತಿದ್ದದ್ದು ಎಡಗಡೆ ನೂಲಿನ ಪೆಟ್ಟಿಗೆಯ ಮೇಲೆ. ಅದರ ಕಡೆ ಕತ್ತು ತಿರುಗಿಸಿದಾಗಲೆಲ್ಲ ಎಳೆಗಳು ಕಣ್ಣಿನಿಂದ ಜಾರುತ್ತಿದ್ದವು. ಗೀಟು ಬಿದ್ದದ್ದು ಓದಿನಿಂದಲ್ಲ, ಕತ್ತಿನಿಂದ.

ಹಾಗಾದರೆ ಪುಟ ಎಳೆಗಳ ಮೇಲ್ಗಡೆ, ಕಣ್ಣಿನ ನೇರಕ್ಕೆ ಇರಬೇಕು. ಅಕ್ಷರ ದಪ್ಪ ಇರಬೇಕು. ಪುಟ ಮಗುಚಲು ಪಕ್ಕದಲ್ಲಿ ಒತ್ತುವ ಗುಂಡಿ ಇರಬೇಕು. ಫೋನಿನ ಹಾಗೆ ಅರ್ಧ ನಿಮಿಷಕ್ಕೆ ಕಪ್ಪಾಗಬಾರದು, ನಡುವೆ ಯಾರೂ ಕರೆ ಮಾಡಬಾರದು. ಕನ್ನಡದ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳಬಾರದು. ಒಂದೆರಡು ಯಂತ್ರಗಳಲ್ಲಿ ಬೀಳುತ್ತಿದ್ದವು. ಇವೆಲ್ಲ ಇದ್ದದ್ದು ಯಾರೋ ಮಾರಲು ಇಟ್ಟಿದ್ದ ಹಳೆಯ, ದಪ್ಪನೆಯ, ಕೆರೆಯ ನೀರಿನ ಬಣ್ಣದ ಒಂದು ಯಂತ್ರದಲ್ಲಿ. ಅದನ್ನು ಹಿಡಿದು ಬಸ್ಸಿನಲ್ಲಿ ಬರಲು ನನಗೆ ನಾಚಿಕೆಯಾಯಿತು. ನನಗೂ ಒಂದು ಕೊಳ್ಳೋಣ ಎನಿಸಿ, ನನ್ನ ಓದುವ ಅಭ್ಯಾಸ ಏನೆಂದು ದಾರಿಯುದ್ದಕ್ಕೂ ಕೇಳಿಕೊಂಡೆ. ಉತ್ತರ ಸಿಕ್ಕಿದ ಮೇಲೆ ಕೊಳ್ಳುವ ಯೋಚನೆ ಬಿಟ್ಟೆ.

ಪರೀಕ್ಷೆಯ ಸೀರೆ ಶುರುವಾದದ್ದು ನನ್ನ ರಜೆಯ ಮಂಗಳವಾರ, ಬೆಳಗ್ಗೆ ಒಂಬತ್ತೂವರೆಗೆ. ಯಂತ್ರವನ್ನು ಮೇಲಿನ ಅಡ್ಡಮರಕ್ಕೆ ತಂತಿಯಲ್ಲಿ ಬಿಗಿದಿದ್ದೆ. ಚಿಕ್ಕಮ್ಮನ ಕತ್ತು ಅಲ್ಲಾಡಲಿಲ್ಲ. ಕಣ್ಣು ಮಾತ್ರ ಮೇಲೆ, ಕೆಳಗೆ. ಗುಂಡಿ, ಗುಂಡಿ, ಕಂಡಿಕೆ, ಗುಂಡಿ, ಗುಂಡಿ, ಕಂಡಿಕೆ. ಪಕ್ಕದ ಮಗ್ಗದಿಂದ ಚಿಕ್ಕಪ್ಪ ಅರ್ಧ ಕಣ್ಣು ಇಲ್ಲೇ ಇಟ್ಟಿದ್ದರು.

ಹನ್ನೊಂದರ ಹತ್ತಿರ ನಾನು ಟೀ ತಂದೆ. ಚಿಕ್ಕಪ್ಪ ತಮ್ಮ ಮಗ್ಗ ನಿಲ್ಲಿಸಿ ಜಗುಲಿಗೆ ಹೋದರು. ಚಿಕ್ಕಮ್ಮ ಯಂತ್ರಕ್ಕೆ ಟವೆಲ್ ಹೊದಿಸಿ ಅಲ್ಲೇ ನಿಂತು ಕುಡಿಯತೊಡಗಿದರು. ಅವರ ಮಗ್ಗ ಓಡುತ್ತಲೇ ಇತ್ತು. ನನಗೆ ಸುಮ್ಮನಿರಲಾಗಲಿಲ್ಲ. ಚಿಕ್ಕಪ್ಪ ಸೀರೆ ಪರೀಕ್ಷೆ ಮಾಡುವ ಹಾಗೆ ಮಾಡಿ ತೋರಿಸಿದೆ. ಕೆಳತುಟಿ ಮುಂದಕ್ಕೆ, ಒಂದು ಕಣ್ಣು ಮುಚ್ಚಿ, ಗೋಣಿಚೀಲವನ್ನು ಬೆಳಕಿಗೆ ಎತ್ತಿ ಹಿಡಿದು, ಇಡೀ ಪ್ರಪಂಚ ತನಗೆ ಮೋಸ ಮಾಡಲೆಂದೇ ಹುಟ್ಟಿದೆ ಎಂಬ ಮುಖ. ಚಿಕ್ಕಮ್ಮ ಲೋಟ ಹಿಡಿದುಕೊಂಡೇ ಬಗ್ಗಿ ನಕ್ಕರು. ಇನ್ನೊಂದ್ಸಲ ಎಂದು ಗದ್ದದಲ್ಲಿ ಹೇಳಿದರು. ಮಾಡಿದೆ. ಮಗ್ಗದ ಕಡೆ ತಿರುಗಿದವರೇ ಸರಕ್ಕನೆ ಸ್ವಿಚ್ ಆರಿಸಿ, ತುಂಡಾಗಿದ್ದ ಒಂದು ಎಳೆ ಹುಡುಕಿ ಕಟ್ಟಿದರು.

ಸೀರೆ ಮುಗಿದು ಊಟವಾದ ಮೇಲೆ ಅದನ್ನು ಬಿಡಿಸಿದರು. ಚಿಕ್ಕಪ್ಪನ ಬೆರಳು ಅಂಗುಲ ಅಂಗುಲ ಸರಿದು ಒಂದು ಕಡೆ ನಿಂತಿತು.

"ಏನಿದು?"

ನಾಲ್ಕು ಬೆರಳಿನ ಉದ್ದದ ಗೀಟು.

"ಆಯ್ತಲ್ಲ. ಬಿಚ್ಚಪ್ಪಾ ನಿನ್ ಸ್ಲೇಟ್ನ."

ನಾನು ತಂತಿಗೆ ಕೈ ಹಾಕಿದೆ. "ತಡಿ," ಎಂದು ಚಿಕ್ಕಮ್ಮ ಸೀರೆ ಶುರುವಾದ ತುದಿಯಿಂದ ಗೇಣು ಹಾಕುತ್ತ ಬಂದರು. "ಎಂಟು ಗೇಣು. ಗೇಣಿಗೆ ಎರಡು ಕಂಡಿಕೆ. ಹದಿನಾರನೇ ಕಂಡಿಕೆ ಹಾಕ್ದಾಗ ಟೀ ಬಂತು ಕಣ್ರೀ. ಅವಾಗ ನಾನು ಓದ್ತಿರ್ಲಿಲ್ಲ, ಟವೆಲ್ ಹೊದ್ಸಿದ್ದೆ."

"ಓದ್ತಿರ್ಲಿಲ್ಲ ಅಂದ್ರೆ ಏನ್ ಮಾಡ್ತಿದ್ದೆ?"

ಚಿಕ್ಕಮ್ಮನ ಮುಖ ಮತ್ತೆ ಗೋಡೆಯಾಯಿತು. ಅವರು ನನ್ನ ಹೆಸರು ಹೇಳುವುದಿಲ್ಲ ಎಂದು ಗೊತ್ತಾಯಿತು. ನಾನೂ ಬಾಯಿ ಬಿಡದಿದ್ದರೆ ನನಗೇನೂ ಆಗುತ್ತಿರಲಿಲ್ಲ. ಅವರ ಓದು ಹೋಗುತ್ತಿತ್ತು.

"ನನ್ನ ನೋಡಿ ನಗ್ತಿದ್ರು ಚಿಕ್ಕಪ್ಪ," ಎಂದೆ.

"ನಿನ್ನ ನೋಡಿ ನಗೋಕೆ ಏನಿದ್ಯೋ?"

"ನನ್ನಲ್ಲೇನಿಲ್ಲ. ನಿಮ್ಮ ಥರ ಮಾಡಿ ತೋರಿಸ್ತಿದ್ದೆ."

ಚಿಕ್ಕಪ್ಪ ಗೀಟಿನ ಮೇಲಿಂದ ಬೆರಳು ತೆಗೆದರು.

"ಮಾಡು, ನೋಡೋಣ."

ಮಾಡಿದೆ. ಅದೇ ಗೋಣಿಚೀಲ. ಚಿಕ್ಕಪ್ಪ ಕೆಳತುಟಿ ಮುಂದೆ ಹಾಕಿ, ಒಂದು ಕಣ್ಣು ಮುಚ್ಚಿ ನನ್ನನ್ನು ನೋಡುತ್ತಿದ್ದರು. ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿಕೊಂಡರು.

"ತುಟಿ ಜಾಸ್ತಿ ಆಯ್ತು," ಎಂದರು ಚಿಕ್ಕಪ್ಪ. ಸೀರೆ ಮಡಚಿದರು. "ಸ್ಲೇಟ್ ಇರ್ಲಿ. ಮಗ್ಗ ಓಡೋವಾಗ ಇವ್ನು ಈ ಬಾಗ್ಲು ದಾಟ್ಬಾರ್ದು."

ಅಂದಿನಿಂದ ರಜೆಯ ದಿನಗಳಲ್ಲಿ ನಾನು ಟೀ ಲೋಟವನ್ನು ಹೊಸಿಲ ಮೇಲಿಟ್ಟು ಬಂದುಬಿಡುತ್ತೇನೆ. ಚಿಕ್ಕಪ್ಪ ಬಂದು ತಮ್ಮದನ್ನು ಬಿಸಿಬಿಸಿ ಕುಡಿಯುತ್ತಾರೆ. ಚಿಕ್ಕಮ್ಮನ ಲೋಟ ಅಧ್ಯಾಯ ಮುಗಿಯುವವರೆಗೂ ಅಲ್ಲೇ ಇರುತ್ತದೆ. ತಣ್ಣಗಾದ ಟೀಯನ್ನು ಅವರು ಕುಡಿದದ್ದೂ ಉಂಟು, ಮರೆತದ್ದೂ ಉಂಟು.