ಅಂಕಲ್ ಹೇಳಿದ ಬ್ರೇಸ್

ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ನಾನು ಎಣಿಸುತ್ತೇನೆ. ಅಮೆರಿಕದ ಗೈದರ್ಸ್‌ಬರ್ಗ್‌ನ ಆ ಮನೆಯಲ್ಲಿ ಪ್ರತಿ ವರ್ಷ ಗಣೇಶನ ಹಬ್ಬದ ಊಟ ಉಂಡವಳಿಗೆ ಅಷ್ಟಾದರೂ ಹಕ್ಕಿರಬೇಕು.

ಮನೆಯ ಯಜಮಾನರು ನಮ್ಮ ಲ್ಯಾಬಿನ ಡೈರೆಕ್ಟರ್. ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ನಾನು ಹುಟ್ಟುವ ಮೊದಲೇ ಇಲ್ಲಿಗೆ ಬಂದು ಸಂಶೋಧನೆಗೆ ಇಳಿದವರು. ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನನಗೆ ನಾಲಿಗೆ ಏಳುತ್ತಿರಲಿಲ್ಲ. ಏನೂ ಕರೆಯದೆಯೇ ಮಾತು ಮುಗಿಸಿಬಿಡುತ್ತಿದ್ದೆ. ಅವರ ಮನೆಯ ಹೊಸ್ತಿಲು ದಾಟಿದರೆ ಮಾತ್ರ ಅಂಕಲ್ ಅನ್ನುವುದು ತಾನಾಗಿ ಬರುತ್ತಿತ್ತು.

ನನ್ನದು ಲ್ಯಾಬಿನ ಬೆಂಚಿನ ಮುಂದೆ ಕೂತು ದಿನವಿಡೀ ಹೆಬ್ಬೆರಳಿನಲ್ಲಿ ಪಿಪೆಟ್ ಒತ್ತುವ ಕೆಲಸ. ಹನಿ ಹನಿಯಾಗಿ ದ್ರವ ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು. ಆ ವರ್ಷ ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗತೊಡಗಿತು. ಎದ್ದು ಕೂತು ಕೈ ಕೊಡವಿದರೆ ಒಂದಿಷ್ಟು ಜೀವ ಬರುತ್ತಿತ್ತು. ಗಂಡನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ, ಏಕೆಂದರೆ ಆ ಬೆಂಚಿನ ಕೆಲಸದ ಮೇಲೆಯೇ ಕಂಪನಿ ನಮ್ಮ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವುದಿತ್ತು.

ಹಬ್ಬದ ದಿನ ಸಾರು ಬಡಿಸುತ್ತಿದ್ದಾಗ ಸೌಟು ಕೈಯಿಂದ ಜಾರಿತು. ಅಂಕಲ್ ನೋಡಿದರು. ಊಟವಾದ ಮೇಲೆ ಪಕ್ಕಕ್ಕೆ ಕರೆದು, ನನ್ನ ಮಣಿಕಟ್ಟನ್ನು ಬೆರಳಿನಿಂದ ತಟ್ಟಿದರು.

"ಕಿರುಬೆರಳು ಬಿಟ್ಟು ಮಿಕ್ಕಿದ್ದೆಲ್ಲಾ ಜೋಮು ಹಿಡಿಯತ್ತಾ?"

"ಹೂಂ ಅಂಕಲ್."

"ಕೈ ಮಡಚ್ಕೊಂಡು ಮಲಗ್ತೀಯ, ಅದಕ್ಕೇ ನರ ಒತ್ತತ್ತೆ. ಫಾರ್ಮಸೀಲಿ ರಿಸ್ಟ್ ಬ್ರೇಸ್ ಸಿಗತ್ತೆ, ರಾತ್ರಿ ಹಾಕ್ಕೊಂಡು ಮಲಗು. ಮಣಿಕಟ್ಟು ನೆಟ್ಟಗಿರ್ಬೇಕು ಅಷ್ಟೆ. ಕಮ್ಮಿ ಆಗ್ಲಿಲ್ಲಾಂದ್ರೆ ಡಾಕ್ಟರ್ ಹತ್ರ ಟೆಸ್ಟ್ ಮಾಡಿಸ್ಕೋ."

"ಲ್ಯಾಬಲ್ಲಿ ಗೊತ್ತಾಗೋದು ಬೇಡ ಅಂಕಲ್. ಗ್ರೀನ್ ಕಾರ್ಡ್ ಫೈಲ್ ಆಗೋದಿದೆ."

"ನಾನ್ಯಾಕಮ್ಮ ಹೇಳ್ಲಿ? ನೀನು ನಮ್ಮನೆ ಮಗಳಿದ್ದ ಹಾಗೆ."

ಜರ್ಮನ್‌ಟೌನ್‌ನ ನಮ್ಮ ಮನೆಗೆ ವಾಪಸು ಡ್ರೈವ್ ಮಾಡುವಾಗ ಗಂಡನಿಗೆ ಹೇಳಿದೆ, ಪರದೇಶದಲ್ಲಿ ನಮ್ಮವರು ಅಂತ ಒಬ್ಬರಿದ್ದರೆ ಎಷ್ಟು ಧೈರ್ಯ ನೋಡು ಎಂದು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಬ್ರೇಸ್ ತಂದೆ. ಮೊದಲ ಕೆಲವು ರಾತ್ರಿ ಹಲಗೆ ಕಟ್ಟಿಕೊಂಡು ಮಲಗಿದ ಹಾಗಿತ್ತು. ಆಮೇಲೆ ಜೋಮು ಕಡಿಮೆಯಾಗಿ ಬೆಳಗಿನವರೆಗೆ ನಿದ್ದೆ ಬರತೊಡಗಿತು. ಅಂಕಲ್‌ಗೆ ಹೇಳಬೇಕು ಅಂದುಕೊಳ್ಳುತ್ತಿರುವಾಗಲೇ ಅವರ ಕೋಣೆಗೆ ಕರೆ ಬಂತು. ಪಕ್ಕದಲ್ಲಿ ಎಚ್ಆರ್‌ನವಳು ಕೂತಿದ್ದಳು. ಅವರು ಇಂಗ್ಲಿಷಿನಲ್ಲಿ, ಕಾಳಜಿ ತುಂಬಿದ ದನಿಯಲ್ಲಿ, ನನ್ನ ಕೈಯ ಆರೋಗ್ಯದ ದೃಷ್ಟಿಯಿಂದ ನನ್ನನ್ನು ಬೆಂಚಿನಿಂದ ದಾಖಲೆಗಳ ವಿಭಾಗಕ್ಕೆ ಹಾಕಲಾಗಿದೆ ಎಂದರು. ಆ ಹುದ್ದೆಗೆ ಗ್ರೀನ್ ಕಾರ್ಡ್ ಅರ್ಜಿ ಸದ್ಯಕ್ಕಿಲ್ಲ ಎಂದು ಅವಳು ಸೇರಿಸಿದಳು. ನನ್ನ ಕೈ ಆಗ ವಾಸಿಯಾಗುತ್ತಿತ್ತು. ಯಾರೂ ಕೇಳಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಮಾತ್ರ ಕನ್ನಡ ಬಂತು. "ನಿನ್ನ ಒಳ್ಳೇದಕ್ಕೇ ಮಾಡಿದ್ದು ಕಣಮ್ಮ. ಪ್ರಾಜೆಕ್ಟ್ ಲೇಟ್ ಆದ್ರೆ ನನಗೂ ಕಷ್ಟ."

ಎರಡನೆಯ ವಾಕ್ಯ ನಿಜ ಎಂದು ನಂಬಿದೆ. ಮಗಳ ಕೈ ಎಂದು ಹಿಡಿದು ನೋಡಿದವರು, ಎಷ್ಟು ಕೆಲಸಕ್ಕೆ ಬಂದೀತು ಎಂದು ತೂಗಿ ನೋಡಿದ್ದರು. ನನಗೆ ದುಃಖಕ್ಕಿಂತ ಅವಮಾನವೇ ಹೆಚ್ಚಾಯಿತು.

ಮುಂದಿನ ವರ್ಷದ ಹಬ್ಬಕ್ಕೆ ಹೋಗುವುದು ಬೇಡ ಎಂದ ಗಂಡ. ಆದರೆ ಆ ಮನೆಯ ಆಂಟಿ ತಾವಾಗಿ ಫೋನ್ ಮಾಡಿದ್ದರು. ಅವರದೇನು ತಪ್ಪು ಎಂದು ಹೋದೆ. ಸಾರಿನ ಪಾತ್ರೆಯನ್ನು ನಾನೇ ಕೇಳಿ ತೆಗೆದುಕೊಂಡು ಸಾಲಿನುದ್ದಕ್ಕೂ ಬಡಿಸುತ್ತಾ ಬಂದೆ. ಒಂದು ತೊಟ್ಟೂ ಚೆಲ್ಲಲಿಲ್ಲ.

ಮನೆಯ ಯಜಮಾನರು ತಟ್ಟೆ ಒಡ್ಡಿ ನಕ್ಕರು. "ಕೈ ಹೇಗಿದೆಯಮ್ಮ?"

"ವಾಸಿಯಾಗಿದೆ, ಸರ್," ಎಂದೆ.

ಪಕ್ಕದಲ್ಲಿ ಪಲ್ಯ ಬಡಿಸುತ್ತಿದ್ದ ಆಂಟಿ ತಲೆಯೆತ್ತಿ ನನ್ನನ್ನೊಮ್ಮೆ, ತಮ್ಮ ಗಂಡನನ್ನೊಮ್ಮೆ ನೋಡಿದರು. ನಾನು ಸಾರು ಹಾಕಿ ಮುಂದಕ್ಕೆ ಹೋದೆ.