ಅಣ್ಣ ತಿರುಗಿಸಿದ ನಾಬ್

ನಾನು ಬಾಸ್ ಗಿಟಾರ್ ಕಲಿತದ್ದು ಆಸೆಯಿಂದಲ್ಲ. ದಾಂಡೇಲಿಯಲ್ಲಿ ಅಣ್ಣನ ತಂಡಕ್ಕೆ ಬಾಸ್ ನುಡಿಸುವವರು ಯಾರೂ ಸಿಗಲಿಲ್ಲ, ಮನೆಯಲ್ಲಿ ನಾನಿದ್ದೆ, ಅಷ್ಟೆ. ತಂಡದಲ್ಲಿ ಮೂರೇ ಜನ. ಹಾಡುವವನೂ ಲೀಡ್ ಗಿಟಾರ್ ನುಡಿಸುವವನೂ ಅಣ್ಣ. ಡ್ರಮ್ಸ್ ಬಾರಿಸುವವರು ಹಳಿಯಾಳದ ಬಸ್ ಸ್ಟ್ಯಾಂಡ್ ಹತ್ತಿರ ಗ್ಯಾರೇಜ್ ಇಟ್ಟಿರುವ ಮೆಕ್ಯಾನಿಕ್. ನಾನು ಅವರನ್ನು ಭಾಯ್ ಎನ್ನುತ್ತೇನೆ. ಶನಿವಾರ ಸಂಜೆ ಜೋಯಿಡಾ ರಸ್ತೆಯ ಒಂದು ರೆಸಾರ್ಟಿನಲ್ಲಿ ನಮ್ಮ ಕಾರ್ಯಕ್ರಮ ಇರುತ್ತಿತ್ತು.

ನನ್ನ ಬಾಸಿಗೆ ಅಣ್ಣ ಕೊಟ್ಟದ್ದು ಕೀಬೋರ್ಡಿಗೆಂದು ತಂದು ಮೂಲೆಗೆ ತಳ್ಳಿದ್ದ ಒಂದು ಆಂಪ್, ಅಂದರೆ ಸದ್ದು ಹಿಗ್ಗಿಸುವ ಸ್ಪೀಕರ್ ಪೆಟ್ಟಿಗೆ. ದಪ್ಪ ತಂತಿ ಮೀಟಿದರೆ ಗೋಣಿಚೀಲದೊಳಗೆ ಯಾರೋ ಕೆಮ್ಮಿದ ಹಾಗೆ ಸದ್ದು ಬರುತ್ತಿತ್ತು. ಬೇರೆ ತಗೊಳ್ಳೋಣ ಎಂದರೆ ಅಣ್ಣನದು ಒಂದೇ ಉತ್ತರ.

"ನಿನ್ನ ಬಾಸ್ ಯಾರಿಗೂ ಕೇಳೂದ ಬ್ಯಾಡ. ಐತಿ ಅಂತ ಅನಿಸಿದ್ರ ಸಾಕು."

ಈ ಮಾತನ್ನು ಅವನು ಭಾಯ್ ಮುಂದೆ, ರೆಸಾರ್ಟಿನ ಮ್ಯಾನೇಜರ್ ಮುಂದೆ, ಕೊನೆಗೆ ಅವ್ವನ ಮುಂದೆಯೂ ಹೇಳಿದ. ನನ್ನ ಬಾಸ್ ಕೇಳಿಸಲೇಬೇಕು ಎಂದು ಹಟ ಹಿಡಿದೆ. ಅವನು ಇಲ್ಲದಾಗ ಅವನ ಡಿಸ್ಟಾರ್ಷನ್ ಪೆಡಲನ್ನು ನನ್ನ ಬಾಸಿಗೆ ಸಿಕ್ಕಿಸಿ ನೋಡಿದೆ. ಅದು ಕಾಲಿನಿಂದ ಒತ್ತುವ ಅಂಗೈಯಗಲದ ಡಬ್ಬಿ. ನಯವಾದ ಸ್ವರವನ್ನು ಒರಟು ಮಾಡುತ್ತದೆ. ಒರಟೇನೋ ಬಂತು, ಆದರೆ ಬಾಸಿನ ಭಾರವೇ ಹೊರಟುಹೋಗಿ ಬಾಟಲಿಯಲ್ಲಿ ಸಿಕ್ಕ ನೊಣದ ಸದ್ದು ಉಳಿಯಿತು. ಗಿಟಾರಿಗೆ ಮಾಡಿದ ಪೆಡಲ್ ಬಾಸಿಗೆ ಒಗ್ಗುವುದಿಲ್ಲ ಎಂದು ಆಗ ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಮುಂಡಗೋಡಿನ ಟಿಬೆಟನ್ ಕಾಲೊನಿಯಲ್ಲಿ. ಅಲ್ಲಿ ಹೋಟೆಲ್ ನಡೆಸುವ ಒಬ್ಬರು ಹಿಂದೆ ಬಾಸ್ ನುಡಿಸುತ್ತಿದ್ದರು. ಬೆನ್ನುನೋವಿನಿಂದ ಬಿಟ್ಟು, ಸಾಮಾನು ಮಾರಲು ಇಟ್ಟಿದ್ದರು. ಭಾಯ್ ವ್ಯಾನಿನಲ್ಲಿ ಹೊರಟೆವು. ಕರೆಯದಿದ್ದರೂ ಅಣ್ಣ ಹತ್ತಿ ಕುಳಿತ.

ಹೋಟೆಲಿನ ಹಿಂದಿನ ಕೋಣೆಯಲ್ಲಿ ಎರಡು ಆಂಪ್ ಇದ್ದವು. ಒಂದು ಚಿಕ್ಕದು, ಇನ್ನೊಂದು ಹದಿನೈದು ಇಂಚಿನ ಸ್ಪೀಕರಿನದು. ಅಣ್ಣ ನೇರ ಹೋಗಿ ನನ್ನ ಬಾಸನ್ನು ಚಿಕ್ಕದಕ್ಕೆ ಸಿಕ್ಕಿಸಿ, ತಗ್ಗು ಸ್ವರ ಏರಿಸುವ ಬಾಸ್ ನಾಬನ್ನು ಪೂರ್ತಿ ತಿರುಗಿಸಿ ತಂತಿ ಎಳೆದ. ಕಿಟಕಿಯ ಗಾಜು ನಡುಗಿತು.

"ನೋಡ, ಇಷ್ಟ ಸಾಕು ನಿನಗ," ಎಂದ.

ಹೋಟೆಲಿನವರು ಅವನ ಕೈಯಿಂದ ಬಾಸ್ ತೆಗೆದುಕೊಂಡು ನನಗೆ ಹೇಳಿದರು: "ಆಂಪಿನ ಮುಂದ ನಿಂತು ಆರಿಸಬ್ಯಾಡ್ರಿ. ಅಂಗಳಕ್ಕ ಹೋಗ್ರಿ. ಮಂದಿ ಕುಂದರೂ ಜಾಗಾದಾಗ ಹೆಂಗ ಕೇಳತೈತಿ, ಅದನ್ನ ಕೇಳ್ರಿ."

ನಾನು ಜೋಳದ ತೆನೆ ಒಣಹಾಕಿದ್ದ ಅಂಗಳದ ತುದಿಗೆ ಹೋಗಿ ಬೆನ್ನು ತಿರುಗಿಸಿ ನಿಂತೆ. ಅವರು ಒಳಗೆ ಎರಡರಲ್ಲೂ ನುಡಿಸಿದರು. ಚಿಕ್ಕದರ ಗುಡುಗು ಅಲ್ಲಿಗೆ ಮುಟ್ಟಲೇ ಇಲ್ಲ. ದೊಡ್ಡದರಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಬಂತು. ಆಮೇಲೆ ಮೂರು ಪೆಡಲ್ ತೋರಿಸಿದರು. ಮೂರನೆಯದರಲ್ಲಿ ಒಂದು ಹೆಚ್ಚಿನ ನಾಬ್ ಇತ್ತು. ಅದು ಒರಟು ಸ್ವರದ ಜೊತೆಗೆ ಮೂಲ ಸ್ವರವನ್ನೂ ಬೇಕಾದಷ್ಟು ಬೆರೆಸುತ್ತದೆ. ಭಾರ ಉಳಿದು, ಅದರ ಮೇಲೆ ಗರಗಸ ಎಳೆದಂತಹ ಅಂಚು ಬಂತು. ನನಗೆ ಬೇಕಾದದ್ದು ಅದೇ.

"ಇಕಿ ಕೈಗ ಇದೆಲ್ಲಾ ಯಾಕ್ರಿ?" ಎಂದ ಅಣ್ಣ.

ಹೋಟೆಲಿನವರು ನಗಲಿಲ್ಲ. "ನಿಮ್ಮ ಗಿಟಾರಿನ ಆಂಪಿನಾಗ ಬಾಸ್ ನಾಬ್ ಕಡಿಮಿ ಮಾಡ್ರಿ. ತಗ್ಗಿನ ಸ್ವರ ಇವರ ಜಾಗಾ."

ದೊಡ್ಡ ಆಂಪನ್ನೂ ಮೂರನೆಯ ಪೆಡಲನ್ನೂ ಕೊಂಡು ವ್ಯಾನಿಗೆ ಹಾಕಿದೆ. 

ಹೊಸ ಆಂಪಿನ ಮೊದಲ ಶನಿವಾರ ಎರಡು ಹಾಡು ಚೆನ್ನಾಗಿ ಹೋದವು. ಮೂರನೆಯದರಲ್ಲಿ ಪೆಡಲ್ ಒತ್ತಿದೆ. ಭಾರ ಮಾಯ, ಮತ್ತೆ ನೊಣ. ಬಗ್ಗಿ ನೋಡಿದರೆ ಬೆರೆಸುವ ನಾಬ್ ಪೂರ್ತಿ ಒಂದು ಕಡೆಗೆ ತಿರುಗಿತ್ತು. ಸಾಗಿಸುವಾಗ ಆಗಿರಬೇಕು ಎಂದುಕೊಂಡೆ. ಮುಂದಿನ ವಾರ ಉಗುರಿಗೆ ಹಚ್ಚುವ ಬಣ್ಣದಿಂದ ನಾಬಿನ ಜಾಗಕ್ಕೆ ಗೀಟು ಹಾಕಿದೆ. ವೇದಿಕೆಯ ಮೇಲೆ ಎಲ್ಲ ಜೋಡಿಸಿಯಾದ ಮೇಲೆ ಗೀಟು ಸರಿ ಇತ್ತು. ನೀರು ಕುಡಿದು ಬರುವಷ್ಟರಲ್ಲಿ ಮತ್ತೆ ತಿರುಗಿತ್ತು.

"ಯಾರ ಮುಟ್ಟಿದ್ರು ಇದನ್ನ?" ಎಂದೆ.

ಅಣ್ಣ ತಂತಿ ಬಿಗಿಯುತ್ತಾ, "ನಿನ್ನ ಕಾಲ ತಗಲಿರಬೇಕು," ಎಂದ.

ಭಾಯ್ ಡ್ರಮ್ಸ್ ಹಿಂದಿನಿಂದ ಅವನನ್ನೇ ನೋಡಿದರು. "ಸುಳ್ಳ ಹೇಳಬ್ಯಾಡ. ಈಗ ನಾ ನೋಡೇನಿ."

ಅಣ್ಣನ ಮುಖದಲ್ಲಿ ನಾಚಿಕೆ ಇರಲಿಲ್ಲ. "ಹೌದು, ನಾನ ತಿರಗಿಸೇನಿ. ನನ್ನ ತಂಡ ಇದು."

ನಾನು ನಾಬನ್ನು ಸರಿಮಾಡಿ ನುಡಿಸಲು ನಿಂತೆ. ಎಲ್ಲರೂ ಕುಣಿಯುವ ಹಾಡಿನ ನಡುವೆ ಬೇಕೆಂದೇ ಕೈ ತೆಗೆದೆ. ಒಂದು ಸ್ವರವನ್ನೂ ನುಡಿಸಲಿಲ್ಲ. ಹಾಡು ಕಾಲು ಮುರಿದುಕೊಂಡಂತಾಯಿತು. ಕುಣಿಯುತ್ತಿದ್ದವರು ಒಬ್ಬೊಬ್ಬರಾಗಿ ನಿಧಾನವಾಗಿ ನಿಂತು ವೇದಿಕೆಯತ್ತ ನೋಡಿದರು. ಅಣ್ಣ ಹಾಡು ಬಿಟ್ಟು ಬಂದು ನನ್ನ ಕೇಬಲ್ ಕಿತ್ತ. ಸ್ಪೀಕರಿನಿಂದ ಫಟ್ ಎಂಬ ಸದ್ದು ಬಂತು. ಮೈಕಿನ ಹತ್ತಿರವೇ ನಾನು ಹೇಳಿದೆ:

"ಈಗ ಕೇಳಿಸ್ತೇನು ಬಾಸ್?"

ಅಂದೇ ಆಂಪನ್ನು ಭಾಯ್ ವ್ಯಾನಿಗೆ ಹಾಕಿದೆ. ಈಗ ಅವರೂ ನಾನೂ ಬೇರೆ ಗಿಟಾರಿಸ್ಟ್ ಜೊತೆ ನುಡಿಸುತ್ತೇವೆ. ಅಣ್ಣ ಮೊದಲೇ ರೆಕಾರ್ಡ್ ಮಾಡಿದ ಬಾಸ್ ಹಾಕಿಕೊಂಡು ಒಬ್ಬನೇ ಹಾಡುತ್ತಾನೆ. ಒಂದೇ ಮನೆಯಲ್ಲಿದ್ದೇವೆ, ಮಾತಿಲ್ಲ. ಏನಾದರೂ ಹೇಳಬೇಕಾದರೆ ಅವ್ವನ ಮೂಲಕ ಹೇಳಿಸುತ್ತೇವೆ, ಅವಳು ಬೈದುಕೊಳ್ಳುತ್ತಾಳೆ.

ಮೊನ್ನೆ ಭಾಯ್ ಫೋನಿನಲ್ಲಿದ್ದ ಆ ಮೊದಲ ಶನಿವಾರದ ವಿಡಿಯೊ ಕೇಳಿದೆ. ಮೊದಲ ಎರಡು ಹಾಡಿನಲ್ಲಿ, ಪೆಡಲ್ ಒತ್ತುವ ಮೊದಲೇ, ನನ್ನ ಬಾಸ್ ಅಣ್ಣನ ದನಿಯನ್ನು ಪೂರಾ ಮುಚ್ಚಿಹಾಕಿತ್ತು. ಅಷ್ಟೊಂದು ಏರಿಸಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಅದನ್ನು ಕೇಳಿದ ಸಂಜೆಯಿಂದ ಆಂಪಿನ ವಾಲ್ಯೂಮನ್ನು ಸ್ವಲ್ಪ ಇಳಿಸಿ ನುಡಿಸುತ್ತಿದ್ದೇನೆ. ಅವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ.